ಛತ್ರಿ ಅಂಗಿ ಹೊಲಿದ ಪಿ.ಟಿ. ಮಾಸ್ತರು

ಶ್ರದ್ಧಾಂಜಲಿ ಸಭೆಯಲ್ಲಿ ತೀರಿಕೊಂಡವರ ಬಗ್ಗೆ ಒಳ್ಳೆಯದನ್ನೇ ಆಡಬೇಕು ಎಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಸುಳ್ಳು ಹೇಳಲೇಬೇಕು ಎಂದು ಯಾರೂ ಕಟ್ಟುಮಾಡಿಲ್ಲ. ಕಳೆದ ತಿಂಗಳು ನಮ್ಮ ಶಾಲೆಯ ಪಿ.ಟಿ. ಮಾಸ್ತರು ನಿವೃತ್ತಿಗೆ ಮೊದಲೇ ತೀರಿಕೊಂಡರು. ಅವರ ಫೋಟೋಕ್ಕೆ ಹಾರ ಹಾಕಿದ ಮೇಲೆ, ಎಂದೋ ನಿವೃತ್ತರಾಗಿದ್ದ ಹಳೆಯ ಹೆಡ್‌ಮಾಸ್ತರು ಮೈಕಿನ ಮುಂದೆ ಬಂದು ನಿಂತರು. "ಅವರೊಬ್ಬ ಶಾಂತಮೂರ್ತಿ. ಯಾರಿಗೂ ಎದುರು ಮಾತಾಡಿದವರಲ್ಲ. ತಾಯಿಯಿಲ್ಲದ ಮಗಳನ್ನು ನಮ್ಮೆಲ್ಲರ ಸಹಕಾರದಿಂದ ಬೆಳೆಸಿದರು" ಎಂದರು.

ನಮ್ಮೆಲ್ಲರ ಸಹಕಾರದಿಂದ! ಆ ಮಗಳು ನನ್ನ ಪಕ್ಕದಲ್ಲೇ ಕುಳಿತಿದ್ದಳು. ಈಗ ನರ್ಸಿಂಗ್ ಓದುತ್ತಿರುವ ಹುಡುಗಿ. ಆ ಮಾತು ಕೇಳಿ ತಲೆ ತಗ್ಗಿಸಿ ತುಟಿ ಕಚ್ಚಿಕೊಂಡಳು. ಅಳು ಬಂತೇನೋ ಎಂದು ನಾನು ಬಗ್ಗಿ ನೋಡಿದರೆ ಅವಳು ನಗು ತಡೆದುಕೊಳ್ಳುತ್ತಿದ್ದಳು. ಅವಳಿಗೆ ನಗು ಬಂತು, ಅವಳಪ್ಪನ ಮಗಳು ಅವಳು. ನನಗೆ ಬರಲಿಲ್ಲ. ಮನೆಗೆ ಬಂದು ಚಪ್ಪಲಿ ಬಿಟ್ಟರೂ ಸಿಟ್ಟು ಇಳಿಯಲಿಲ್ಲ. ಆ ಸಿಟ್ಟಿಗೇ ಇದನ್ನು ಬರೆಯುತ್ತಿದ್ದೇನೆ.

ಮಾಸ್ತರು ಶಾಂತಮೂರ್ತಿ ಅಲ್ಲ. ಹಗರಿಬೊಮ್ಮನಹಳ್ಳಿಯಲ್ಲಿ ಅವರಷ್ಟು ಸಿಡುಕಿನ ಮನುಷ್ಯನನ್ನು ನಾನು ಕಂಡಿಲ್ಲ. ಎತ್ತರದ ಆಳು, ಬಿಸಿಲಿಗೆ ಸುಟ್ಟ ಮುಖ, ಗಟ್ಟಿ ಮೀಸೆ. ಸಿಟ್ಟು ಬಂದರೆ ಹೊಡೆಯಲು ಹೊರಟವರ ಹಾಗೆ ಅಂಗಿಯ ತೋಳು ಮಡಚುತ್ತಿದ್ದರು. ಆದರೆ ಒಬ್ಬ ಹುಡುಗನಿಗೂ ಹೊಡೆದದ್ದನ್ನು ನಾನು ನೋಡಿಲ್ಲ. ತೋಳು ಮೊಣಕೈ ದಾಟುವ ಹೊತ್ತಿಗೆ ಎದುರಿನವರು ಜಾಗ ಖಾಲಿ ಮಾಡುತ್ತಿದ್ದರು. ಯಾರಾದರೂ ಬುದ್ಧಿ ಹೇಳಲು ಬಂದರೆ ಕೊನೆಯವರೆಗೂ ಕೇಳುತ್ತಿದ್ದರು. ಆಮೇಲೆ, "ಮುಗೀತಾ?" ಎಂದು ಕೇಳಿ ಎದ್ದು ಹೋಗುತ್ತಿದ್ದರು. ಈ 'ಮುಗೀತಾ' ಎಷ್ಟು ಹೆಸರುವಾಸಿಯಾಗಿತ್ತೆಂದರೆ ನಮ್ಮ ಹುಡುಗರು ಪಾಠದ ನಡುವೆ ಅದನ್ನೇ ಪಿಸುಗುಟ್ಟಿ ನನ್ನಿಂದ ಬೈಸಿಕೊಳ್ಳುತ್ತಿದ್ದರು.

ನಾನು ಅದೇ ಶಾಲೆಯಲ್ಲಿ ಕನ್ನಡ ಹೇಳುತ್ತಿದ್ದೆ. ಅವರದೂ ನಮ್ಮದೂ ಒಂದೇ ಗೋಡೆಗೆ ಆತುಕೊಂಡ ಮನೆಗಳು. ತೊಂಬತ್ತರ ದಶಕದ ಮೊದಲಲ್ಲಿ ನಾವು ಅಲ್ಲಿಗೆ ಬಂದಾಗ ಅವರಿಗೆ ಮದುವೆಯಾಗಿ ಸ್ವಲ್ಪ ವರ್ಷವಾಗಿತ್ತು. ತಡವಾಗಿ ಆದ ಮದುವೆ, ತಡವಾಗಿ ಹುಟ್ಟಿದ ಮಗಳು. ಮಂಜುಳಾ ಎಂದು ಹೆಸರಿಟ್ಟು ಮಂಜಿ ಎಂದು ಕರೆಯುತ್ತಿದ್ದರು. ಮಂಜಿ ಇನ್ನೂ ಸರಿಯಾಗಿ ಮಾತು ಕಲಿಯುವ ಮೊದಲೇ ಅವಳ ತಾಯಿ ಜ್ವರ ಬಂದು ಮಲಗಿದವಳು ಏಳಲೇ ಇಲ್ಲ.

ಆ ತಾಯಿಯ ತವರು ಹರಪನಹಳ್ಳಿ. ಅಲ್ಲಿ ಅವರದು ಹೆಸರುವಾಸಿ ಜವಳಿ ಅಂಗಡಿ. ಅವಳ ತಮ್ಮ, ಅಂದರೆ ಮಾಸ್ತರ ಮೈದುನ, ಅದನ್ನು ನೋಡಿಕೊಳ್ಳುತ್ತಿದ್ದ. ದಿನಕರ್ಮ ಮುಗಿದ ಮಾರನೆಯ ದಿನವೇ ಮಾಸ್ತರ ಅತ್ತೆ ಮಗಳ ಟ್ರಂಕು ತೆಗೆದು ಸೀರೆಗಳನ್ನೆಲ್ಲ ಗಂಟು ಕಟ್ಟಿದರು. ನಾನು ಅಲ್ಲೇ ಇದ್ದೆ.

"ಗಂಡಸಿರೋ ಮನ್ಯಾಗ ಸೀರಿ ಇಟ್ಕಂಡು ಏನ್ ಮಾಡ್ತೀರಿ ಅಳಿಯಾರ?" ಎಂದರು.

"ಕೂಸು ದೊಡ್ಡಾಕಿ ಆದ ಮ್ಯಾಲ ನೋಡ್ತಾಳ. ಒಂದಾದ್ರೂ ಬಿಡ್ರಿ" ಎಂದರು ಮಾಸ್ತರು.

"ಆಗ ಹೊಸವು ಕೊಡ್ತೀವಿ ಬಿಡ್ರಿ. ಅಂಗಡೀನೇ ನಮ್ದೈತಿ" ಎಂದ ಮೈದುನ.

ಒಂದನ್ನೂ ಬಿಡಲಿಲ್ಲ. ಬಿಟ್ಟದ್ದು ಅವಳ ಹೊಲಿಗೆ ಮೆಷಿನ್ನು ಮಾತ್ರ. ಅದರ ತುಳಿಯುವ ಹಲಗೆ ಬಿಗಿಯಾಗಿತ್ತು, ಒಯ್ಯಲು ಭಾರವೂ ಆಗಿತ್ತು, ಅದಕ್ಕೇ ಉಳಿಯಿತು.

ಮಾಸ್ತರು ಆ ಮೆಷಿನ್ನಿನ ಮುಂದೆ ಕುಳಿತದ್ದು ಅವತ್ತಿನ ಸಿಟ್ಟಿಗೇ ಎಂದು ನನ್ನ ನಂಬಿಕೆ. ಸೂಜಿಗೆ ದಾರ ಪೋಣಿಸುವುದನ್ನು ನಾನು ತೋರಿಸಿಕೊಟ್ಟೆ. ಉಳಿದದ್ದನ್ನು ಹಳೆಯ ಅಂಗಿಗಳ ಹೊಲಿಗೆ ಬಿಚ್ಚಿ, ಯಾವ ತುಂಡು ಎಲ್ಲಿ ಕೂಡುತ್ತದೆ ಎಂದು ನೆಲದ ಮೇಲೆ ಹರಡಿ ನೋಡಿ ಕಲಿತರು. ಮೊದಲ ಫ್ರಾಕನ್ನು ಅವರ ಹಳೆಯ ಬಿಳಿ ಡ್ರಿಲ್ ಪ್ಯಾಂಟಿನಲ್ಲಿ ಹೊಲಿದರು. ಅದರ ಕುತ್ತಿಗೆ ಎಷ್ಟು ಇಕ್ಕಟ್ಟಾಗಿತ್ತೆಂದರೆ ಮಂಜಿಯ ತಲೆ ಒಳಗೇ ಸಿಕ್ಕಿಕೊಂಡು, ಅವಳು ಅದರೊಳಗಿಂದಲೇ ಕಿರುಚಿ, ಕೊನೆಗೆ ನಾನು ಓಡಿಹೋಗಿ ಕತ್ತರಿಯಿಂದ ಬಿಡಿಸಬೇಕಾಯಿತು. ಮಾಸ್ತರು ಆ ಫ್ರಾಕನ್ನು ಗೋಡೆಗೆ ಬೀಸಿ ಒಗೆದರು. ಮಾರನೆಯ ದಿನ ಎತ್ತಿಕೊಂಡು ಬಂದು ಮತ್ತೆ ಬಿಚ್ಚಿದರು.

ಆಮೇಲೆ ಕೈ ಕುದುರಿತು. ಕೈಗಿಂತ ಹೆಚ್ಚಾಗಿ ಅಪ್ಪ-ಮಗಳ ಆಟ ಕುದುರಿತು. ಅವರ ಮನೆಯ ಛತ್ರಿಯ ಕಡ್ಡಿ ಮುರಿದಿತ್ತು. ಮಂಜಿ ಅದನ್ನು ಬಿಡಿಸಿಕೊಂಡು ಅದರ ಕೆಳಗೆ ಮನೆ ಮಾಡಿಕೊಂಡು ಕೂರುತ್ತಿದ್ದಳು. ಒಂದು ಬೆಳಿಗ್ಗೆ, "ಅಪ್ಪಾ, ನನಗ ಛತ್ರಿ ಅಂಗಿ ಬೇಕು" ಎಂದಳು. ಬೇರೆ ಯಾರಾದರೂ ಆಗಿದ್ದರೆ ನಕ್ಕು ಬಿಡುತ್ತಿದ್ದರು. ಇವರು ಭಾನುವಾರ ಮಧ್ಯಾಹ್ನ ಛತ್ರಿಯ ಬಟ್ಟೆ ಬಿಚ್ಚಿ, ಅದರ ಹೋಳುಗಳನ್ನು ಹಾಗೆಯೇ ಉಳಿಸಿ, ನಡುವಿಗೆ ಚುಚ್ಚಬಾರದೆಂದು ಹಳೆಯ ಪಂಚೆಯ ಮೆತ್ತನೆಯ ಪಟ್ಟಿ ಕೊಟ್ಟು ಲಂಗ ಹೊಲಿದರು. ಅವಳು ಅದನ್ನು ಹಾಕಿಕೊಂಡು ಬೀದಿಯಲ್ಲಿ ಗಿರಗಿರನೆ ತಿರುಗಿದಳು. ಲಂಗ ಛತ್ರಿಯ ಹಾಗೇ ದುಂಡಗೆ ಬಿಚ್ಚಿಕೊಂಡಿತು. ತಲೆ ತಿರುಗಿ ಧೂಳಿನಲ್ಲಿ ಬಿದ್ದು, ಎದ್ದು, ಮತ್ತೆ ತಿರುಗಿದಳು. ಮಾಸ್ತರು ಕಟ್ಟೆಯ ಮೇಲೆ ಕುಳಿತು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಅವರು ಹಾಗೆ ನಗಬಲ್ಲರೆಂದು ನನಗೆ ಗೊತ್ತಾದದ್ದೇ ಅವತ್ತು.

ಆಮೇಲೆ ಮನೆಯಲ್ಲಿ ಕಣ್ಣಿಗೆ ಬಿದ್ದದ್ದೆಲ್ಲ ಅಂಗಿಯಾಗಬೇಕಿತ್ತು. ಸ್ವೆಟರಿನ ತೋಳು ಕಿವಿ ಇರುವ ಟೊಪ್ಪಿಗೆಯಾಯಿತು. ಕ್ರೀಡಾಕೂಟದಲ್ಲಿ ಕಟ್ಟಿ ಬಣ್ಣ ಹೋದ ಬಾವುಟಗಳೆಲ್ಲ ಸೇರಿ ಜುಬ್ಬಾ ಆದವು. ನನ್ನ ಹರಿದ ಹಸಿರು ಕುಪ್ಪಸ ಒಂದು ಕಪ್ಪೆಯಾಗಿ ಫ್ರಾಕಿನ ಹೊಟ್ಟೆಯ ಮೇಲೆ ಕುಳಿತುಕೊಂಡಿತು. ಕಣ್ಣಿಗೆ ಎರಡು ಗುಂಡಿ, ಬಾಯಿಯೇ ಜೇಬು. ಮಂಜಿ ಅದರೊಳಗೆ ಹುರಿದ ಶೇಂಗಾ ಇಟ್ಟುಕೊಂಡು, ಎದುರಿಗೆ ಸಿಕ್ಕವರಿಗೆಲ್ಲ, "ನಮ್ ಕಪ್ಪಿಗೆ ಹಸಿವಾಗೈತಿ, ಏನಾರ ಹಾಕ್ರಿ" ಎನ್ನುತ್ತಿದ್ದಳು. ಅವಳ ಚಡ್ಡಿಗೆ ಒಮ್ಮೆ ಹತ್ತಿ ತುಂಬಿದ ಬಾಲವೂ ಬಂತು. ನಮ್ಮ ಅತ್ತೆ ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತಿದ್ದವರು ಮೊರ ಕೆಳಗಿಟ್ಟು, "ಅಯ್ಯೋ ನಮ್ಮಪ್ಪಾ! ಹೆಣ್ಮಗಿಗೆ ಬಾಲ ಹಚ್ಚೀರಲ್ಲ!" ಎಂದರು.

"ಗಂಡುಮಕ್ಳಿಗೆ ಹಚ್ಚದಿದ್ರೂ ಇರ್ತೈತಲ್ಲ ಅಮ್ಮಾ, ಇದಕ್ಕೂ ಒಂದಿರ್ಲಿ ಬಿಡ್ರಿ" ಎಂದರು ಮಾಸ್ತರು.

ನಮ್ಮ ಅತ್ತೆ ನಕ್ಕರು. ಬೀದಿ ನಗಲಿಲ್ಲ. ಸಂಬಳ ಬರುವ ಮನುಷ್ಯ ಮಗಳಿಗೆ ಚಿಂದಿ ತೊಡಿಸುತ್ತಾನೆ ಎಂದರು. ಕೂಸಿಗೆ ಕರಿಯ ಛತ್ರಿ ಬಟ್ಟೆ ಉಡಿಸುವುದು ಅಪಶಕುನ ಎಂದರು. ಅವನ ತಲೆಯೇ ಸರಿಯಿಲ್ಲ ಎಂದರು. ಆ ಬೀದಿಯ ಮಕ್ಕಳೆಲ್ಲ ಹೊಸ ಬಟ್ಟೆ ಕೊಳೆಯಾಗುತ್ತದೆಂದು ಅಮ್ಮಂದಿರ ಕೈಯಲ್ಲಿ ಏಟು ತಿಂದು ಕಟ್ಟೆಯ ಮೇಲೆ ಕುಳಿತಿದ್ದರೆ, ಮಂಜಿ ಒಬ್ಬಳೇ ಮಣ್ಣಲ್ಲಿ ಹೊರಳುತ್ತಿದ್ದಳು. ಇದನ್ನು ಮಾತ್ರ ಯಾರೂ ಹೇಳಲಿಲ್ಲ.

ಶಾಲೆಯ ಗಂಡಸರಂತೂ ಇನ್ನೂ ಕೀಳು. ಅವರಿಗೆ 'ಟೇಲರಮ್ಮ' ಎಂದು ಹೆಸರಿಟ್ಟರು. ಇಲ್ಲಿ ಒಂದು ಮಾತು ಕೇಳುತ್ತೇನೆ. ನಮ್ಮ ಪೇಟೆಯಲ್ಲಿ ಮೆಷಿನ್ನಿನ ಮುಂದೆ ಕೂರುವವರೆಲ್ಲ ಗಂಡಸರೇ ಅಲ್ಲವೇ? ಊರಿನವರ ಮಕ್ಕಳಿಗೆ ಹೊಲಿದರೆ ಅವನು ಟೇಲರು, ತನ್ನ ಮಗಳಿಗೆ ಹೊಲಿದರೆ ಹೆಂಗಸೇ? ಒಂದು ದಿನ ಸ್ಟಾಫ್ ರೂಮಿನಲ್ಲಿ ಅವರ ಮೇಜಿನ ಮೇಲೆ ಯಾರೋ ಗಾಜಿನ ಬಳೆಗಳನ್ನು ಕಾಗದದಲ್ಲಿ ಸುತ್ತಿ ಇಟ್ಟಿದ್ದರು. ಮಾಸ್ತರು ಬಿಚ್ಚಿ ನೋಡಿದರು. ಎಲ್ಲರೂ ತಮ್ಮ ತಮ್ಮ ಪುಸ್ತಕದಲ್ಲಿ ಮುಖ ಹುದುಗಿಸಿದ್ದರು. ಮಾಸ್ತರು ಒಂದು ಬಳೆ ಎತ್ತಿ ಬೆಳಕಿಗೆ ಹಿಡಿದು, "ಚಲೋ ಅದಾವು. ಮಗಳಿಗೆ ದೊಡ್ಡವಾಗ್ತಾವು. ಸಣ್ಣ ಸೈಜಿನ್ವು ತಂದು ಕೊಡ್ರಿ, ಯಾರ ತಂದೀರೋ ಅವ್ರು" ಎಂದರು. ಅಲ್ಲಿಗೆ ಎದ್ದು ಹೋಗಿದ್ದರೆ ಅದು ಶಾಂತಮೂರ್ತಿಯ ಲಕ್ಷಣ. ಇವರು ತೋಳು ಮಡಚಿ ಮೇಜಿಗೆ ಗುದ್ದಿದ ಹೊಡೆತಕ್ಕೆ ಬಳೆ, ಮಸಿ ಬುಡ್ಡಿ, ಹಾಜರಿ ಪುಸ್ತಕ ಎಲ್ಲವೂ ನೆಲಕ್ಕೆ ಬಿದ್ದವು. ಹೆಡ್‌ಮಾಸ್ತರು ಓಡಿ ಬಂದು ಬೈದದ್ದು ಬಳೆ ಇಟ್ಟವರನ್ನಲ್ಲ, ಮಾಸ್ತರನ್ನು.

"ನಿಮ್ಮ ಮಗಳು ಬೀದ್ಯಾಗ ಮಂಗ್ಯಾನ ವೇಷ ಹಾಕ್ಕಂಡು ಓಡಾಡ್ತಾಳ್ರಿ. ಶಾಲಿ ಮರ್ಯಾದಿ ಏನಾಗಬೇಕು?"

"ಮುಗೀತಾ ಸರ್?" ಎಂದು ಮಾಸ್ತರು ಮೈದಾನಕ್ಕೆ ಹೋದರು.

ಹರಪನಹಳ್ಳಿಯ ಮೈದುನನಿಗೆ ಈ ಸುದ್ದಿಗಳೆಲ್ಲ ಹೋಗುತ್ತಿದ್ದವು. ತಮ್ಮ ಅಂಗಡಿಯಲ್ಲಿ ಥಾನುಗಟ್ಟಲೆ ಹೊಸ ಬಟ್ಟೆ ಬಿದ್ದಿರುವಾಗ ಅಕ್ಕನ ಮಗಳು ಹರಿದ ಛತ್ರಿ ಉಟ್ಟು ತಿರುಗುವುದು ಆತನಿಗೆ ವ್ಯಾಪಾರದ ಅವಮಾನ. ಒಮ್ಮೆ ಮಿಂಚುವ ನೈಲಾನ್ ಜಾಲರಿಯ ದೊಡ್ಡ ಫ್ರಾಕು ತಂದು ಕೊಟ್ಟ. ನಮ್ಮೂರಿನ ಬೇಸಿಗೆಯಲ್ಲಿ ಅದನ್ನು ತೊಟ್ಟು ಮಂಜಿಯ ಕುತ್ತಿಗೆ, ಕಂಕುಳೆಲ್ಲ ಕೆಂಪಗೆ ಬೊಕ್ಕೆ ಎದ್ದವು. ಕೂಸು ಪರಪರನೆ ಕೆರೆದುಕೊಂಡು ಅಳುತ್ತಿತ್ತು. ಮಾಸ್ತರು ಫ್ರಾಕನ್ನು ಬಿಚ್ಚಿ, ಜಾಲರಿಯಿಂದ ಎರಡು ರೆಕ್ಕೆ ಮಾಡಿ, ಹಳೆಯ ಬನಿಯನ್ನಿನ ಬೆನ್ನಿಗೆ ಹೊಲಿದರು. ಮೈಗೆ ಮೆತ್ತನೆಯ ಬನಿಯನ್, ಹಿಂದೆ ಮಿಂಚುವ ರೆಕ್ಕೆ. ಮುಂದಿನ ಸಲ ಮೈದುನ ಬಂದಾಗ ಮಂಜಿ ರೆಕ್ಕೆ ಬಡಿಯುತ್ತ ಎದುರಿಗೇ ಓಡಿಬಂದಳು.

"ನಮ್ಮಂಗಡಿ ಮಾಲು ಹರಿದು ಚಿಂದಿ ಮಾಡೀಯಲ್ಲ ಭಾವ! ನಿನ್ನ ಕೈಯಾಗ ಕೂಸು ಬದುಕ್ತೈತಾ?" ಎಂದು ಬೀದಿಗೆ ಕೇಳುವಂತೆ ಕೂಗಿದ.

"ಬೊಕ್ಕಿ ಎದ್ದಿದ್ವು. ನೋಡು ಬೇಕಾದ್ರ ಕುತ್ಗಿ" ಎಂದರು ಮಾಸ್ತರು. ಅವನು ನೋಡಲಿಲ್ಲ. ನೋಡುವುದಕ್ಕೆ ಬಂದವನೂ ಅಲ್ಲ ಅವನು.

ಆ ಮಳೆಗಾಲದಲ್ಲಿ ಮಾಸ್ತರಿಗೆ ಕಾಮಾಲೆ ಆಯಿತು. ಕಣ್ಣು, ಉಗುರು ಎಲ್ಲ ಹಳದಿ. ಎದ್ದು ನಿಲ್ಲಲು ತ್ರಾಣವಿಲ್ಲ. ಗುಡೇಕೋಟೆಯ ಹತ್ತಿರ ಅವರ ಅಕ್ಕನ ಊರಿತ್ತು. ಅಲ್ಲಿ ಬೇರಿನ ಔಷಧಿ ಕೊಡುತ್ತಾರೆಂದು ಅಕ್ಕ ಬಂದು ಕರೆದುಕೊಂಡು ಹೋಗಲು ನಿಂತರು. ಮಂಜಿಯನ್ನು ನಾನು ಇಟ್ಟುಕೊಳ್ಳುತ್ತೇನೆ ಎಂದೆ. ಅಷ್ಟರಲ್ಲಿ ಹರಪನಹಳ್ಳಿಯಿಂದ ಮಾಸ್ತರ ಅತ್ತೆ, ಮೈದುನ ಇಬ್ಬರೂ ಬಂದರು. ಅವರ ಜೊತೆ ಹೆಡ್‌ಮಾಸ್ತರು.

"ಅಜ್ಜಿ ಮನಿ ಇರುವಾಗ ಮಂದಿ ಮನ್ಯಾಗ ಯಾಕ? ನೀವು ಆರಾಮಾದ ಮ್ಯಾಲ ಕರ್ಕಂಡು ಬರ್ರಿ. ನಾನದೀನಿ, ನನ್ನ ಮಾತು" ಎಂದರು ಹೆಡ್‌ಮಾಸ್ತರು.

ಮಾಸ್ತರು ಚಾಪೆಯ ಮೇಲಿಂದ ಮಗಳನ್ನು ನೋಡಿ ತಲೆ ಆಡಿಸಿದರು. ಬೇರೆ ಏನು ಮಾಡುತ್ತಿದ್ದರು? ಮಂಜಿ ಕಪ್ಪೆಯ ಫ್ರಾಕಿನಲ್ಲಿ ಮಾವನ ಸ್ಕೂಟರಿನ ಮುಂದೆ ನಿಂತು ಕೈ ಬೀಸುತ್ತ ಹೋದಳು.

ಆರಾಮಾಗಿ ಬಂದ ಮೇಲೆ ಮಾಸ್ತರು ಹರಪನಹಳ್ಳಿಗೆ ಹೋದರು. ಬರಿಗೈಯಲ್ಲಿ ವಾಪಸು ಬಂದರು. ಮುಂದಿನ ವಾರ ಮತ್ತೆ ಹೋದರು. ಅಂಗಡಿಯ ಗಾದಿಯ ಮೇಲೆ ಕೂರಿಸಿ ಚಹಾ ಕೊಡುತ್ತಿದ್ದರಂತೆ. ಒಮ್ಮೆ, ಕೂಸು ಮಲಗೈತಿ. ಇನ್ನೊಮ್ಮೆ, ಅಜ್ಜಿ ಜೊತಿ ಹಲವಾಗಲು ಊರಿಗೆ ಹೋಗೈತಿ. ಮತ್ತೊಮ್ಮೆ, ನಿಮ್ಮನ್ನ ಕಂಡ್ರ ಅಳ್ತೈತಿ, ಹೊಂದಿಕೊಳ್ಳಲಿ ಬಿಡ್ರಿ. ಅಂಗಡಿಯ ಹಿಂದೆಯೇ ಮನೆ, ನಡುವೆ ಒಂದು ಬಾಗಿಲು. ಆ ಬಾಗಿಲು ದಾಟಲು ಬಿಡಲಿಲ್ಲ. ಪ್ರತಿ ಸಲವೂ ಹೊಸದೊಂದು ಅಂಗಿ ಹೊಲಿದು, ಕಾಗದದಲ್ಲಿ ಸುತ್ತಿ, ಹುರಿಯಿಂದ ಕಟ್ಟಿ ಒಯ್ಯುತ್ತಿದ್ದರು. "ಕೊಟ್ಟು ಹೋಗ್ರಿ, ಹಾಕ್ತೀವಿ" ಎಂದು ಮೈದುನ ಅದನ್ನು ತೆಗೆದಿಟ್ಟುಕೊಳ್ಳುತ್ತಿದ್ದ.

ಹೆಡ್‌ಮಾಸ್ತರನ್ನು ಕೇಳಿದರೆ, "ಹೆಣ್ಣುಕೂಸು ಹೆಂಗಸರ ಕೈಯಾಗ ಬೆಳದ್ರ ಚಲೋ ಅಲ್ಲೇನ್ರಿ?" ಎಂದರು. ನನ್ನ ಮಾತು ಎಂದಿದ್ದರಲ್ಲ, ಆ ಮಾತು ಎಲ್ಲಿ ಹೋಯಿತೋ.

ಇಷ್ಟಾದರೂ ಮಾಸ್ತರು ತೋಳು ಮಡಚಲಿಲ್ಲ. ಶಾಲೆಯಲ್ಲಿ ಯಾರು ಏನೆಂದರೂ ಹೂಂ ಎನ್ನುತ್ತಿದ್ದರು. ಹುಡುಗರು ಸಾಲು ತಪ್ಪಿದರೂ ಸುಮ್ಮನಿರುತ್ತಿದ್ದರು. ನನಗೆ ತಡೆಯಲಾಗದೆ ಒಂದು ದಿನ ಕೇಳಿದೆ, "ನಿಮ್ಮ ಸಿಟ್ಟು ಎಲ್ಲಿ ಹೋಯ್ತು ಸರ್?"

"ನಾ ಅಲ್ಲಿ ಸಿಟ್ಟಿಗೆದ್ರ, ನೋಡ್ರಿ, ಇಂಥವನ ಕೈಗೆ ಹೆಂಗ ಕೂಸು ಕೊಡೋದು ಅಂತಾರ ಟೀಚರಮ್ಮ. ಅದಕ್ಕ ಕಾಯ್ತಾ ಅದಾರ ಅವ್ರು" ಎಂದರು.

ಹೆಡ್‌ಮಾಸ್ತರು ಮೈಕಿನಲ್ಲಿ ಹೊಗಳಿದ ಶಾಂತಮೂರ್ತಿ ಈ ತಿಂಗಳುಗಳ ಮನುಷ್ಯ. ಮಗಳನ್ನು ಕಿತ್ತುಕೊಂಡು, ಬಾಯಿಗೆ ಬೀಗ ಹಾಕಿ, ಆಮೇಲೆ ಅದನ್ನೇ ಅವರ ಗುಣ ಎಂದು ಹಾರ ಹಾಕಿದರು.

ದೀಪಾವಳಿ ಹೋಯಿತು, ಸಂಕ್ರಾಂತಿಯೂ ಹೋಯಿತು. ಬಿಸಿಲು ಏರುವ ಹೊತ್ತಿಗೆ ಒಂದು ಭಾನುವಾರ ನಾನೂ ಹೊರಟೆ. ಬೇಡ ಎಂದರು, ಕೇಳಲಿಲ್ಲ. ಕೊಟ್ಟೂರಿನಲ್ಲಿ ಬಸ್ಸು ಬದಲಿಸಿ ಹರಪನಹಳ್ಳಿ ಮುಟ್ಟಿದೆವು. ಮಾಸ್ತರು ಎಂದಿನಂತೆ ಅಂಗಡಿಯ ಗಾದಿಯ ಮೇಲೆ ಕುಳಿತರು. ನಾನು ಅಂಗಡಿಯ ಮೆಟ್ಟಿಲನ್ನೇ ಹತ್ತದೆ ಓಣಿಯಿಂದ ಹಿಂದೆ ಹೋಗಿ ಮನೆಯ ಬಾಗಿಲು ತಟ್ಟಿದೆ. ಗಂಡಸರನ್ನು ಅಂಗಡಿಯಲ್ಲಿ ಕೂರಿಸಬಹುದು. ಬಾಗಿಲಿಗೆ ಬಂದ ಹೆಂಗಸನ್ನು ಏನು ಮಾಡುತ್ತಾರೆ? ಮಾಸ್ತರ ಅತ್ತೆ ಒಲ್ಲದ ಮನಸ್ಸಿನಿಂದ, "ಬರ್ರಿ" ಎಂದು ಅಡುಗೆಮನೆಗೆ ಕರೆದರು.

ಅಂಗಳದಲ್ಲಿ ಮಂಜಿ ನಿಂತಿದ್ದಳು. ಗರಿಗರಿಯಾದ ಗುಲಾಬಿ ಫ್ರಾಕು, ಕಾಲಿಗೆ ಬೂಟು. ನೆಲಕ್ಕೆ ಕೂರಬಾರದೆಂದು ಹೇಳಿದ್ದರೋ ಏನೋ, ಕಂಬ ಹಿಡಿದುಕೊಂಡು ಸುಮ್ಮನೆ ನಿಂತಿದ್ದಳು. ನನ್ನನ್ನು ನೋಡಿ ಓಡಿ ಬರುತ್ತಾಳೆ ಎಂದುಕೊಂಡಿದ್ದೆ. ಗುರುತು ಹಿಡಿದಳು, ಆದರೆ ಮುಖ ಆ ಕಡೆ ತಿರುಗಿಸಿದಳು.

ಅತ್ತೆ ಒಲೆಯ ಮೇಲಿನ ಸಾರಿನ ಗಡಿಗೆ ಇಳಿಸಲು ಬಟ್ಟೆ ತೆಗೆದುಕೊಂಡರು. ಮಸಿ ಹಿಡಿದು, ಜಿಡ್ಡು ಕುಡಿದು ಬಿರುಸಾದ ಬಟ್ಟೆ. ಅದರಲ್ಲಿ ಒಂದು ಕಡೆ ಹಸಿರು ಕಂಡಿತು. ಹಸಿರಿನ ಮೇಲೆ ಒಂದು ಗುಂಡಿ. ಇನ್ನೊಂದು ಕಣ್ಣು ಸುಟ್ಟು ಹೋಗಿತ್ತು.

"ಏನ್ರಿ ಇದು?" ಎಂದೆ.

"ಮಸಿ ಅರಿವಿ" ಎಂದರು ಅವರು. ನಿಜವಾಗಿ ಅಷ್ಟೇ ಎಂದರು.

"ಬಾಕಿ ಅಂಗಿಗಳು ಎಲ್ಲಿ?"

ಅವರ ಕಣ್ಣು ಮಹಡಿ ಮೆಟ್ಟಿಲಿನ ಕೆಳಗೆ ಹೋಯಿತು. ಅಲ್ಲಿ ಕಟ್ಟಿಗೆಯ ಪಕ್ಕ ಒಂದು ಗೋಣಿಚೀಲವಿತ್ತು. ಬಾಯಿ ಬಿಡಿಸಿ ನೋಡಿದೆ. ಮಾಸ್ತರು ಕಟ್ಟಿದ ಹುರಿಯ ಗಂಟುಗಳು ಹಾಗೆಯೇ ಇದ್ದವು. ಒಂದೂ ಬಿಚ್ಚಿರಲಿಲ್ಲ. ಆ ಬಟ್ಟೆಯನ್ನು ಅವರ ಕೈಯಿಂದ ಕಿತ್ತುಕೊಂಡೆ, ಗೋಣಿಚೀಲ ಎತ್ತಿಕೊಂಡೆ, ನಡುವಿನ ಬಾಗಿಲು ದೂಡಿ ಅಂಗಡಿಗೆ ಹೋಗಿ ಮಾಸ್ತರ ಮುಂದೆ, ಬೆಳ್ಳನೆಯ ಗಾದಿಯ ಮೇಲೆ, ಎರಡನ್ನೂ ಇಟ್ಟೆ.

ಮಾಸ್ತರು ಕಪ್ಪೆಯ ಬಾಯಿಗೆ ಬೆರಳು ಹಾಕಿ ನೋಡಿದರು. ಜೇಬು ಹರಿದು ಬೆರಳು ಆಚೆ ಬಂತು. ಸೀರೆ ನೋಡುತ್ತಿದ್ದ ಗಿರಾಕಿಗಳು ತಿರುಗಿ ನೋಡಿದರು.

"ಒಂದು ಹಳೇ ಅರಿವಿ ಸಲುವಾಗಿ ಏನ್ರಿ ಇದು, ಗಿರಾಕಿ ಮುಂದ? ಹೊಸ ಮಾಲು ಉಡಿಸಿ ರಾಣಿ ಹಂಗ ಇಟ್ಟೀವಿ ಕೂಸಿನ್ನ. ನಿಮ್ಮ ಮನ್ಯಾಗ ಭಿಕ್ಷುಕರ ಹಂಗ ಇತ್ತು" ಎಂದ ಮೈದುನ.

"ಮುಗೀತಾ?" ಎಂದರು ಮಾಸ್ತರು.

ಎಷ್ಟೋ ತಿಂಗಳ ಮೇಲೆ ಆ ಮಾತು ಕೇಳಿ ನನ್ನ ಕಣ್ಣಲ್ಲಿ ನೀರು ಬಂತು. ಅವರು ತೋಳು ಮಡಚಿದರು. ಮೈದುನ ಅಡ್ಡ ಬಂದವನು ಆ ತೋಳನ್ನು ನೋಡಿ ಪಕ್ಕಕ್ಕೆ ಸರಿದ. ಮಾಸ್ತರು ನಡುವಿನ ಬಾಗಿಲು ದಾಟಿ ಹೋಗಿ, ಮಗಳನ್ನು ಎತ್ತಿಕೊಂಡು ಅಂಗಡಿಯ ಮುಂಬಾಗಿಲಿನಿಂದಲೇ ಇಳಿದರು. ನಾನು ಗೋಣಿಚೀಲ ಹೊತ್ತುಕೊಂಡು ಹಿಂದೆ ಓಡಿದೆ.

ಬಸ್ ಸ್ಟ್ಯಾಂಡ್ ಮುಟ್ಟುವುದರೊಳಗೆ ಮೈದುನ ಮಂದಿ ಕೂಡಿಸಿಕೊಂಡು ಬಂದ. "ಹಿಡೀರಿ, ಕೂಸು ಕದ್ಕಂಡು ಹೊಂಟಾನ" ಎಂದು ಕೂಗಿದ. ಯಾರೋ ಮಾಸ್ತರ ಕಾಲರು ಹಿಡಿದರು. "ಅವ್ರು ಕೂಸಿನ ಅಪ್ಪ ಅದಾರ್ರೀ! ಕೈ ಬಿಡ್ರಿ!" ಎಂದು ನಾನು ಗಂಟಲು ಹರಿಯುವಂತೆ ಕಿರುಚಿದೆ. ಅತ್ತೆಯೂ ಸೆರಗು ಸುತ್ತಿಕೊಂಡು ಏದುಸಿರು ಬಿಡುತ್ತ ಬಂದರು. ಬಸ್ ಸ್ಟ್ಯಾಂಡಿನಲ್ಲಿದ್ದ ಪೊಲೀಸ್ ಹವಾಲ್ದಾರರೊಬ್ಬರು ಲಾಠಿ ಆಡಿಸುತ್ತ ನಡುವೆ ಬಂದು, ಎಲ್ಲರನ್ನೂ ದೂರ ಸರಿಸಿ, ಮಂಜಿಯನ್ನು ಕೆಳಗೆ ಇಳಿಸಲು ಹೇಳಿದರು.

"ಹೆದರಬ್ಯಾಡವ್ವ. ಯಾರ ಜೊತಿ ಹೋಗ್ತಿ? ಇವನು ಯಾರು?" ಎಂದು ಮಾಸ್ತರನ್ನು ತೋರಿಸಿದರು.

ಮಂಜಿ ಅಪ್ಪನನ್ನು ನೋಡಿದಳು. ಆಮೇಲೆ ಎರಡೂ ಕೈ ಮುಷ್ಟಿ ಮಾಡಿಕೊಂಡು ಅಪ್ಪನ ತೊಡೆಗೆ, ಹೊಟ್ಟೆಗೆ ರಪರಪನೆ ಗುದ್ದತೊಡಗಿದಳು.

"ಯಾಕ ಬರ್ಲಿಲ್ಲ ನೀನು? ಯಾಕ ಬರ್ಲಿಲ್ಲ? ನಾ ಬೇಡಾ ಅಂತ ಅಂದ್ಯಂತ!"

ಇಷ್ಟು ತಿಂಗಳೂ ಆ ಕೂಸಿಗೆ ಅಪ್ಪ ಬಂದು ಹೋದದ್ದನ್ನು ಯಾರೂ ಹೇಳಿರಲಿಲ್ಲ. ಅಂಗಡಿ ಮತ್ತು ಮನೆಯ ನಡುವೆ ಇದ್ದದ್ದು ಒಂದೇ ಒಂದು ಬಾಗಿಲು. ಆ ಬಾಗಿಲಿನ ಈಚೆ ಅಪ್ಪ ಚಹಾ ಕುಡಿಯುತ್ತ ಕುಳಿತಿದ್ದಾಗ ಆಚೆ ಇವಳು ಅಪ್ಪ ತನ್ನನ್ನು ಬಿಟ್ಟನೆಂದುಕೊಂಡು ಕಂಬ ಹಿಡಿದು ನಿಂತಿದ್ದಳು.

"ಬಂದಿದ್ನವ್ವಾ, ಅಂಗಡಿ ಮಟ ಬಂದಿದ್ದೆ" ಎಂದರು ಮಾಸ್ತರು.

"ಸುಳ್ಳು!" ಎಂದು ಮತ್ತೆ ಗುದ್ದಿದಳು.

ಮಾಸ್ತರು ಅಲ್ಲೇ ನೆಲದ ಮೇಲೆ ಕುಕ್ಕರುಗಾಲಲ್ಲಿ ಕುಳಿತು, ನನ್ನ ಕೈಯಿಂದ ಗೋಣಿಚೀಲ ತೆಗೆದುಕೊಂಡು, ಹುರಿಗಳನ್ನು ಹಲ್ಲಿನಿಂದ ಕಡಿದು ಒಂದೊಂದೇ ಅಂಗಿ ಹೊರಗೆ ತೆಗೆದರು. "ಇದು ನವರಾತ್ರಿಗೆ ತಂದಿದ್ದೆ ನೋಡು. ಮೀನಿನ ಅಂಗಿ. ಇದು ದೀಪಾವಳಿಗೆ. ಇದು ಸಂಕ್ರಾಂತಿಗೆ, ಎಳ್ಳು-ಬೆಲ್ಲ ಹಾಕ್ಕಳ್ಳಾಕ ಕಿಸೆ ಐತಿ." ಅವಳು ಒಂದೊಂದು ಅಂಗಿಯನ್ನೂ ನೋಡಿದಳು. ಮೀನಿನ ರೆಕ್ಕೆಗಳನ್ನು ಮುಟ್ಟಿದಳು. ಗುದ್ದುವುದು ನಿಂತಿತು. ಬಿಕ್ಕುವುದು ಶುರುವಾಯಿತು. ಅಪ್ಪನ ಮಡಚಿದ ತೋಳಿಗೆ ಮುಖ ಒತ್ತಿಕೊಂಡಳು.

ಹವಾಲ್ದಾರರು ಮಂದಿಯ ಕಡೆ ತಿರುಗಿ, "ಈ ಪರಿ ಹಕ್ಕಿನಿಂದ ಹೊಡಿತೈತಿ ಅಂದ ಮ್ಯಾಲ ಇನ್ನೇನು ಕೇಳಾದೈತಿ? ಬಿಡ್ರಿ ದಾರಿ" ಎಂದರು.

ಅತ್ತೆ ಮಾತ್ರ ಬಸ್ಸಿನ ಕಿಟಕಿಯವರೆಗೂ ಬಂದು, "ಮಗಳನ್ನ ಕಳ್ಕಂಡೀನಿ ನಾನು. ಇದರ ಮುಖದಾಗ ಆಕಿನ್ನ ನೋಡ್ತಿದ್ದೆ" ಎಂದು ಅತ್ತರು. ಆ ದುಃಖ ಸುಳ್ಳಲ್ಲ, ನನಗೆ ಅರ್ಥವಾಗುತ್ತದೆ. ಆದರೆ ಒಂದು ಕೂಸಿಗೆ ಅಪ್ಪ ನಿನ್ನನ್ನು ಬೇಡವೆಂದ ಎಂದು ಹೇಳಿ ತೀರಿಸಿಕೊಳ್ಳುವ ದುಃಖವನ್ನು ನಾನು ಮನ್ನಿಸಲಾರೆ. ಮಾಸ್ತರು ನನಗಿಂತ ದೊಡ್ಡವರು. "ನೋಡ್ಬೇಕು ಅನ್ನಿಸಿದ್ರ ಬರ್ರಿ ಅತ್ತಿ. ನಮ್ಮ ಮನಿ ಬಾಗಿಲು ತೆಗದೇ ಇರ್ತೈತಿ" ಎಂದರು. ಅತ್ತೆ ಆಮೇಲೆ ಬರುತ್ತಿದ್ದರು. ಮೈದುನ ಬರಲಿಲ್ಲ.

ಕೊಟ್ಟೂರಿನವರೆಗೂ ಮಂಜಿ ಮುನಿಸಿಕೊಂಡು ನನ್ನ ತೊಡೆಯ ಮೇಲೇ ಕುಳಿತಿದ್ದಳು. ಅಲ್ಲಿ ಮಂಡಕ್ಕಿ-ಮೆಣಸಿನಕಾಯಿ ತಿಂದು ಖಾರಕ್ಕೆ ಹಾ ಹಾ ಎನ್ನುತ್ತ ಅಪ್ಪನ ತೊಡೆಗೆ ದಾಟಿಕೊಂಡಳು.

ಮಾರನೆಯ ಬೆಳಿಗ್ಗೆ ಗೋಡೆಯ ಆಚೆಯಿಂದ ಅಪ್ಪ-ಮಗಳ ನಗು ಕೇಳುತ್ತಿತ್ತು. ಗೋಣಿಚೀಲದ ಅಂಗಿಗಳನ್ನೆಲ್ಲ ತೊಡಿಸಿ ನೋಡುತ್ತಿದ್ದಾರೆ ಎಂದುಕೊಂಡೆ. ಸ್ವಲ್ಪ ಹೊತ್ತಿಗೆ ನಗು ನಿಂತಿತು. ಕತ್ತರಿ ಗೋಡೆಗೆ ಬಡಿದು ಠಣ್ ಎಂದಿತು. ನಾನು ಓಡಿದೆ. ಮಂಜಿ ಮೀನಿನ ಅಂಗಿ ತೊಟ್ಟು ನಡುಮನೆಯಲ್ಲಿ ನಿಂತಿದ್ದಳು. ಅದು ಮೊಣಕಾಲು ಬಿಟ್ಟು ಎಷ್ಟೋ ಮೇಲೆ ನಿಂತಿತ್ತು. ದೀಪಾವಳಿಯದೂ ಗಿಡ್ಡ, ಸಂಕ್ರಾಂತಿಯದೂ ಗಿಡ್ಡ. ಮಾಸ್ತರು ಮಗಳು ಬಿಟ್ಟು ಹೋದಾಗಿನ ಅಳತೆಗೇ ಹೊಲಿಯುತ್ತ ಬಂದಿದ್ದರು. ಇನ್ನೇನು ಮಾಡುತ್ತಿದ್ದರು? ಆಮೇಲೆ ಅವಳನ್ನು ನೋಡಿದ್ದರೆ ತಾನೇ?

"ನೋಡ್ರಿ ಟೀಚರಮ್ಮ!" ಎಂದು ನನ್ನ ಮೇಲೆಯೇ ಕೂಗಿದರು. ಮುಖ ಕಪ್ಪಿಟ್ಟಿತ್ತು. "ನೋಡ್ರಿ ಎಷ್ಟು ಬೆಳದಾಳ! ನನಗ ಗೊತ್ತೇ ಇಲ್ಲ!" ಬಸ್ ಸ್ಟ್ಯಾಂಡಿನಲ್ಲಿ ಕಾಲರು ಹಿಡಿದಾಗಲೂ ಅವರಿಗೆ ಅಷ್ಟು ಸಿಟ್ಟು ಬಂದಿರಲಿಲ್ಲ.

ಮಂಜಿ ಹೋಗಿ ಕತ್ತರಿ ಎತ್ತಿಕೊಂಡು ಬಂದು ಅಪ್ಪನ ಕೈಗೆ ಕೊಟ್ಟಳು. "ಕೆಳಗ ಹಳದಿದು ಹಚ್ಚು" ಎಂದಳು.

ಆ ವಾರವೆಲ್ಲ ಮೆಷಿನ್ನು ನಿಲ್ಲಲಿಲ್ಲ. ನನ್ನ ಹಳೆಯ ಹಳದಿ ಸೀರೆಯೊಂದನ್ನು ಕೊಟ್ಟೆ. ಒಂದೊಂದು ಅಂಗಿಯ ಕೆಳಗೂ ಅದರ ಅಗಲವಾದ ಪಟ್ಟಿ ಬಂತು, ನವರಾತ್ರಿಯದಕ್ಕೂ, ಸಂಕ್ರಾಂತಿಯದಕ್ಕೂ. ಮಂಜಿ ದಿನಕ್ಕೊಂದು ತೊಟ್ಟು ಬೀದಿಗಿಳಿದಳು. ಬೀದಿಯ ಹೆಂಗಸರ ಕಣ್ಣು ಅದರ ಮೇಲೆ ಬಿತ್ತು. ಛತ್ರಿ ಲಂಗಕ್ಕೆ ಅಪಶಕುನ ಎಂದಿದ್ದ ಎದುರು ಮನೆಯವರೇ ಒಂದು ಸಂಜೆ ಮಗಳ ಹೊಸ ಫ್ರಾಕು ಹಿಡಿದುಕೊಂಡು ಮಾಸ್ತರ ಕಟ್ಟೆಗೆ ಬಂದರು.

"ಸರ್, ನಮ್ಮ ಹುಡುಗಿಗೂ ಇಂಥದೊಂದು ಪಟ್ಟಿ ಹಚ್ಚಿ ಕೊಡ್ರಿ. ಚಂದ ಕಾಣ್ತೈತಿ. ಎಷ್ಟು ಅಗಲ ಇಡಬೇಕ್ರಿ ಈ ಡಿಸೈನಿಗೆ?"

ಮಾಸ್ತರು ಮೆಷಿನ್ನಿನ ಗಾಲಿಯ ಮೇಲೆ ಕೈಯಿಟ್ಟು ನಿಲ್ಲಿಸಿದರು.

"ಡಿಸೈನ್ ಅಲ್ಲಮ್ಮ ಅದು. ನನ್ನ ಕಣ್ಣಿಗೆ ಬೀಳದಂಗ ಇಟ್ಕಂಡಿದ್ರಲ್ಲ ನನ್ನ ಮಗಳನ್ನ, ಆಗ ಆಕಿ ಬೆಳದದ್ದು ಅಷ್ಟು."